ನಾರಾಯಣಸ್ವಾಮಿ ಸೊಪ್ಪು

ಹೇಳಬೇಕಾಗಿದ್ದ ಒಂದು ಮಾತನ್ನು ನಾನು ನಾಲ್ಕು ವರ್ಷ ಹೇಳಲಿಲ್ಲ. ಮರೆತಿದ್ದೆ ಎಂದರೆ ಅದು ಇನ್ನೊಂದು ಸುಳ್ಳಾದೀತು. ನೆನಪಿತ್ತು, ದಿನವೂ ನೆನಪಿತ್ತು. ಊರಿನವರು ಕೆರೆ ಕಟ್ಟೆಯ ಮೇಲೆ ನಿಂತು ನನ್ನ ತಮ್ಮನನ್ನು ಆಡಿಕೊಳ್ಳುವಾಗ ನಾನೂ ಅವರ ನಡುವೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಿಂತಿರುತ್ತಿದ್ದೆ. ನೋಡಿದವರು, ಪಾಪ, ತಮ್ಮನಿಗಾಗಿ ಅಕ್ಕ ಅಳುತ್ತಿದ್ದಾಳೆ ಎಂದುಕೊಂಡಿರಬೇಕು. ಸೆರಗಿನ ಹಿಂದೆ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡಿತ್ತು, ಅಷ್ಟೇ.

ಮೊನ್ನೆ ರೇಷ್ಮೆ ಹುಳ ಸಾಕುವ ಹುಳುಮನೆ ತೊಳೆಯುತ್ತಿದ್ದಾಗ ಮೂಲೆಯಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಟಬ್ಬು ಸಿಕ್ಕಿತು. ಅಂಚು ಸೀಳಿದೆ, ತಳದಲ್ಲಿ ಸುಣ್ಣ ಕಟ್ಟಿದೆ. ನಮ್ಮ ಯಜಮಾನರು ಆಂಜಿನಪ್ಪನವರು ಅದನ್ನು ಎತ್ತಿ ಬಿಸಾಡಲು ಹೋದರು.

"ಇರ್ಲಿ ಬಿಡಿ" ಎಂದೆ.

"ಯಾಕೆ, ಇಟ್ಕೊಂಡು ಪೂಜೆ ಮಾಡ್ತೀಯಾ?"

ಪೂಜೆ ಎಂಬ ಮಾತು ಬಂದದ್ದೇ ತಡ, ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅದು ಯಾಕೆ ಅಷ್ಟು ನಗುವ ಮಾತು ಎಂದು ನಿಮಗೆ ತಿಳಿಯಬೇಕಾದರೆ ನಮ್ಮೂರ ಕೆರೆಯ ಕಥೆ ಹೇಳಬೇಕು. ಅದಕ್ಕೂ ಮೊದಲು ನನ್ನ ಬಗ್ಗೆ ನಾಲ್ಕು ಮಾತು, ಯಾಕೆಂದರೆ ಕೆರೆ ಕೆಟ್ಟದ್ದಕ್ಕೂ ನನ್ನ ಬುದ್ಧಿಗೂ ನಂಟಿದೆ.

ನಮ್ಮದು ಶಿಡ್ಲಘಟ್ಟ ತಾಲ್ಲೂಕು. ಮೇಲೂರಿನ ಕಡೆಗೆ ಹೋಗುವ ಬಸ್ಸಿನಲ್ಲಿ ಕೂತರೆ ಎರಡೂ ಪಕ್ಕ ಹಿಪ್ಪುನೇರಳೆ ತೋಟ ಕಾಣುತ್ತದಲ್ಲ, ಅವುಗಳ ನಡುವೆ ಎಲ್ಲೋ ನಾವಿದ್ದೇವೆ. ನಾನು ಓದಿದ್ದು ಆರನೇ ಕ್ಲಾಸು. ರೇಷ್ಮೆ ಹುಳ ಸಾಕುವ ಮನೆಯಲ್ಲಿ ಎರಡು ಕೈ ಎಂದರೆ ದೊಡ್ಡ ಆಸ್ತಿ. ಆ ಎರಡು ಕೈ ಪುಸ್ತಕ ಹಿಡಿದು ಕೂತರೆ ಸೊಪ್ಪು ಕುಯ್ಯುವವರು ಯಾರು? ನನ್ನನ್ನು ಬಿಡಿಸಿದರು. ನನಗಿಂತ ನಾಲ್ಕು ವರ್ಷ ಚಿಕ್ಕವನಾದ ತಮ್ಮ ನಾರಾಯಣಸ್ವಾಮಿಯನ್ನು ಓದಿಸಿದರು. ನನ್ನ ಮದುವೆಯನ್ನೂ ದೂರ ಮಾಡಲಿಲ್ಲ. ನಮ್ಮಮ್ಮನ ತವರೂ ಅದೇ ಊರು, ಅಮ್ಮನ ತಮ್ಮನಿಗೇ ನನ್ನನ್ನು ಕೊಟ್ಟರು. ಹುಟ್ಟಿದ ಮನೆಯಿಂದ ಮೆಟ್ಟಿದ ಮನೆಗೆ ಹೋಗುವಷ್ಟರಲ್ಲಿ ಬಾಯಲ್ಲಿನ ಎಲೆ ಅಡಿಕೆ ಕೆಂಪಾಗುವುದಿಲ್ಲ, ಅಷ್ಟು ಹತ್ತಿರ.

ಆದರೂ ನಾನು ಓದುವುದನ್ನು ಬಿಡಲಿಲ್ಲ. ಮರಿಹುಳಗಳ ತಟ್ಟೆಗೆ ಹಳೆಯ ಪೇಪರು ಹಾಸುತ್ತೇವೆ. ಅದನ್ನು ಹಾಸುವಾಗ ಒಮ್ಮೆ, ತೆಗೆಯುವಾಗ ಒಮ್ಮೆ ಓದುತ್ತಿದ್ದೆ. ಹೀಗೆ ಓದಿದವರ ಜ್ಞಾನ ಹೇಗಿರುತ್ತದೆ ಎಂದು ನೀವೇ ಯೋಚಿಸಿ. ಕೊಲೆ ಆದದ್ದು ಗೊತ್ತಾಗುತ್ತಿತ್ತು. ಮಾಡಿದವರು ಯಾರು ಎಂಬ ಸಾಲಿಗೆ ಬರುವಷ್ಟರಲ್ಲಿ ಹುಳ ಅದರ ಮೇಲೆ ಹಿಕ್ಕೆ ಹಾಕಿರುತ್ತಿತ್ತು. ಎಲ್ಲವೂ ಅರ್ಧರ್ಧ ಗೊತ್ತು. ಅರ್ಧ ಗೊತ್ತಿರುವವಳ ಧೈರ್ಯ ಮಾತ್ರ ಪೂರ್ತಿ ಇರುತ್ತದೆ.

ನಾರಾಯಣಸ್ವಾಮಿಗೆ ಚಿಕ್ಕಂದಿನಿಂದಲೂ ಒಂದು ಕೆಟ್ಟ ಅಭ್ಯಾಸವಿತ್ತು. ಯಾರು ಏನೇ ತಪ್ಪು ಹೊರಿಸಿದರೂ "ಇರಬಹುದು" ಎನ್ನುವುದು. ಹುಳದ ತಟ್ಟೆ ಇಡುವ ಸ್ಟ್ಯಾಂಡಿನ ಕಾಲಿಗೆ ಇರುವೆ ಹತ್ತದಂತೆ ನೀರಿನ ಬಟ್ಟಲು ಇಡುತ್ತೇವೆ. ನನಗೆ ಹತ್ತು ವರ್ಷವಿದ್ದಾಗ ಒಂದು ಬಟ್ಟಲಿಗೆ ನೀರು ಹಾಕುವುದನ್ನು ಮರೆತೆ. ಬೆಳಿಗ್ಗೆ ಎದ್ದು ನೋಡಿದರೆ ಮೇಲಿನ ತಟ್ಟೆ ಪೂರ್ತಿ ಕೆಂಪಿರುವೆ. ಅಪ್ಪ ಕೈಯಲ್ಲಿ ಸೊಪ್ಪಿನ ಕಡ್ಡಿ ಹಿಡಿದು "ಯಾರೇ ಅದು ಬಟ್ಟಲು ಬಿಟ್ಟಿದ್ದು?" ಎಂದು ನನ್ನ ಕಡೆ ತಿರುಗಿದರು. ಆರು ವರ್ಷದ ಸ್ವಾಮಿ ಮೂಗು ಒರೆಸಿಕೊಂಡು, "ನಾನು ನಿನ್ನೆ ಅಲ್ಲೇ ಆಟ ಆಡ್ತಿದ್ದೆ, ಕಾಲು ತಗುಲಿ ಚೆಲ್ಲಿರಬಹುದು ಅಪ್ಪಾ" ಎಂದ. ಏಟು ಅವನಿಗೆ ಬಿತ್ತು. ಆಗಲೂ ನಾನು ಬಾಯಿ ಬಿಡಲಿಲ್ಲ. ಹೀಗಾಗಿ ನನ್ನ ಈ ತಪ್ಪಿಗೆ ಬಾಲ್ಯದ ತರಬೇತಿ ಇದೆ ಎನ್ನಬೇಕು.

ಈಗ ಟಬ್ಬಿನ ವಿಷಯಕ್ಕೆ ಬರುತ್ತೇನೆ.

ಬಹಳ ವರ್ಷ ಬರೀ ಬಿರುಕು ಬಿಟ್ಟ ಅಂಗಳವಾಗಿದ್ದ ನಮ್ಮ ಕೆರೆ ಆ ವರ್ಷ ತುಂಬಿ ಕೋಡಿ ಬಿದ್ದಿತ್ತು. ಅದೇ ಆಷಾಢದಲ್ಲಿ ಚಿಂತಾಮಣಿಯಲ್ಲಿರುವ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಚಿಕ್ಕಮ್ಮ ಮಾತನ್ನು ತೆಲುಗಿನಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸುವವಳು. ಅವಳ ಮನೆಯ ಬಾಗಿಲಲ್ಲಿ ಸಿಮೆಂಟ್ ತೊಟ್ಟಿಯೊಂದರಲ್ಲಿ ನೀರಿನ ಮೇಲೆ ತೇಲುವ ಗಿಡವಿತ್ತು. ದಪ್ಪ ಎಲೆ, ಎಲೆಯ ಬುಡದಲ್ಲಿ ಗಾಳಿ ತುಂಬಿದ ಗಡ್ಡೆ, ಮೇಲೆ ನೇರಳೆ ಬಣ್ಣದ ಹೂಗೊಂಚಲು. ಹೂವಿನ ಒಂದು ಎಸಳಿನ ಮೇಲೆ ನವಿಲುಗರಿಯ ಕಣ್ಣಿನಂಥ ಹಳದಿ ಬೊಟ್ಟು. ನಾನು ಅಲ್ಲಿಂದ ಕದಲಲಿಲ್ಲ.

"ತೀಸ್ಕೊನಿ ಪೋವೇ ರತ್ನಾ" ಎಂದಳು ಚಿಕ್ಕಮ್ಮ. "ಎರಡು ಎತ್ಕೊಂಡು ಹೋಗು. ಮಣ್ಣು ಬೇಡ, ಗೊಬ್ಬರ ಬೇಡ. ನೀರು ಒಂದಿದ್ರೆ ಅದೇ ಬೆಳ್ಕೊತದೆ."

ಚಿಕ್ಕಮ್ಮ ತನ್ನ ಜೀವಮಾನದಲ್ಲಿ ಆಡಿದ ಅತ್ಯಂತ ಸತ್ಯವಾದ ಮಾತು ಅದು.

ಎರಡು ಗಿಡಗಳನ್ನು ನೀರು ಹಾಕಿದ ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಮಡಿಲಲ್ಲಿ ಕೂಸಿನಂತೆ ಹಿಡಿದು ಬಸ್ಸಿನಲ್ಲಿ ತಂದೆ. ಕಂಡಕ್ಟರು, "ಏನಮ್ಮಾ ಅದು, ಬದ್ನೇಕಾಯಿ ಸಸೀನಾ? ಸ್ವಲ್ಪ ಒತ್ತರಿಸ್ಕೊಳಿ, ಎರಡು ಸೀಟು ಹಿಡಿದೈತೆ" ಎಂದ. ಅವನಿಗೆ ಆಗಲೇ ಗೊತ್ತಾಗಿತ್ತು, ನನಗೆ ಆಗಲಿಲ್ಲ.

ನೀಲಿ ಟಬ್ಬಿನಲ್ಲಿ ಬಿಟ್ಟ ಎರಡು ಗಿಡ ಹದಿನೈದು ದಿನದಲ್ಲಿ ನಾಲ್ಕಾಯಿತು, ತಿಂಗಳಿಗೆ ಎಂಟಾಯಿತು, ಗೌರಿ ಹಬ್ಬದ ಹೊತ್ತಿಗೆ ಟಬ್ಬಿನಲ್ಲಿ ನೀರೇ ಕಾಣುತ್ತಿರಲಿಲ್ಲ. ಹಬ್ಬಕ್ಕೆ ಸರಿಯಾಗಿ ಹೂವೂ ಬಿಟ್ಟಿತು. ಗೌರಮ್ಮನನ್ನು ಕೂರಿಸಿ ಅವಳ ಮುಂದೆ ಆ ಟಬ್ಬನ್ನೇ ಇಟ್ಟು ಕೆರೆಯ ಹಾಗೆ ಅಲಂಕಾರ ಮಾಡಿದೆ. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರೆಲ್ಲ ಗೌರಿಯನ್ನು ಬಿಟ್ಟು ಟಬ್ಬನ್ನು ನೋಡಿದರು.

"ಎಲ್ಲಿ ಹೂವೇ ರತ್ನಕ್ಕಾ ಇದು?"

"ಚಿಂತಾಮಣೀದು" ಎಂದೆ, ಚಿಂತಾಮಣಿ ಯಾವುದೋ ಕಡಲಾಚೆಯ ದೇಶವೆಂಬಂತೆ.

ಹಬ್ಬ ಮುಗಿದ ಮೇಲೆ ನಮ್ಮ ಯಜಮಾನರು, "ಆ ಸೊಪ್ಪನ್ನ ತಿಪ್ಪೆಗೆ ಹಾಕೇ, ಗೊಬ್ಬರ ಆಗ್ತದೆ" ಎಂದರು. ನನಗೆ ಸಿಟ್ಟು ಬಂತು. "ಗೌರಮ್ಮನ ಮುಂದೆ ಇಟ್ಟಿದ್ದನ್ನ ತಿಪ್ಪೆಗೆ ಹಾಕ್ತಾರಾ? ಕಾಲಲ್ಲಿ ತುಳಿದಾಡೋ ಜಾಗಕ್ಕೆ? ನಿಮ್ಮ ಬುದ್ಧಿ ಎಲ್ಲಿಟ್ಟಿದೀರಿ?" ಎಂದು ಅವರನ್ನು ಚೆನ್ನಾಗಿ ಬೈದೆ. ದೇವರಿಗೆ ಇಟ್ಟದ್ದನ್ನು ನೀರಿಗೆ ಬಿಡಬೇಕು, ನಮ್ಮಮ್ಮ ಹಾಗೇ ಮಾಡುತ್ತಿದ್ದಳು, ಅವಳ ಅಮ್ಮನೂ. ಗೌರಿಯನ್ನು ಬಿಡಲು ಹೋದ ಸಂಜೆ ಟಬ್ಬನ್ನೂ ತಲೆಯ ಮೇಲೆ ಹೊತ್ತು ಹೋದೆ. ತೂಬಿನ ಹತ್ತಿರ ಗಿಡಗಳನ್ನೆಲ್ಲ ನೀರಿಗೆ ಬಿಟ್ಟು, ಅರಿಶಿನ ಹಾಕಿ, ಕೈ ಮುಗಿದು, ಗೌರಿಗೆ ಹೇಳುವ ಹಾಗೆಯೇ "ಹೋಗಿ ಬಾ ತಾಯೀ" ಎಂದೆ. ಬಹಳ ವಿಧೇಯಳಾದ ತಾಯಿ ಅವಳು. ಹೋಗಲೇ ಇಲ್ಲ, ಬಂದದ್ದೇ ಬಂದದ್ದು.

ಅದಾದ ಎಂಟೇ ದಿನಕ್ಕೆ ನಾರಾಯಣಸ್ವಾಮಿ ಮೀನುಮರಿ ತಂದ. ಆಗ ಅವನು ಪಂಚಾಯಿತಿ ಮೆಂಬರು. ಕೆರೆ ತುಂಬಿದೆ, ಮೀನು ಬಿಟ್ಟರೆ ಊರಿಗೇ ಆದಾಯ ಎಂದು ಓಡಾಡಿ, ಗಾಳಿ ತುಂಬಿದ ದಪ್ಪ ಚೀಲಗಳಲ್ಲಿ ಮರಿಗಳನ್ನು ತರಿಸಿ, ತೆಂಗಿನಕಾಯಿ ಒಡೆದು, ತೂಬಿನ ಹತ್ತಿರವೇ ಬಿಟ್ಟ. ಊರೆಲ್ಲ ನೋಡಿತು. ನಾನು ಬಿಟ್ಟದ್ದನ್ನು ನೋಡಿದವರು ಇಬ್ಬರೇ, ನಮ್ಮ ಯಜಮಾನರು ಮತ್ತು ಗೌರಿ.

ಬೇಸಿಗೆಯ ಹೊತ್ತಿಗೆ ತೂಬಿನ ಮೂಲೆಯಲ್ಲಿ ಹಸಿರು ಚಾಪೆ ಹಾಸಿದಂತೆ ಆಗಿತ್ತು. ಮುಂದಿನ ಮಳೆಗಾಲದಲ್ಲಿ ಅರ್ಧ ಕೆರೆ ಮುಚ್ಚಿತು. ಮೀನು ಉಸಿರು ಕಟ್ಟಿ ಸತ್ತು ತೇಲಿದವು. ದನ ನೀರಿಗಿಳಿದರೆ ಕಾಲು ತೊಡರಿಕೊಂಡು ಹಿಂದಕ್ಕೆ ಬರುತ್ತಿದ್ದವು. ಸೊಳ್ಳೆ ಬಂತು, ವಾಸನೆ ಬಂತು. ಕೆರೆಯಲ್ಲಿ ಬಟ್ಟೆ ಒಗೆಯುವ ಮುನಿಯಮ್ಮಜ್ಜಿಯ ಒಗೆಯುವ ಕಲ್ಲು ಎಲ್ಲಿ ಮುಳುಗಿತೋ ಕಾಣಲಿಲ್ಲ. ಆ ಅಜ್ಜಿಯ ನಾಲಿಗೆಗೆ ಊರೇ ಹೆದರುತ್ತದೆ. ಕಟ್ಟೆಯ ಮೇಲೆ ಎಲ್ಲರೂ ಸೇರಿದ್ದ ಒಂದು ದಿನ ಕೂಗಿದಳು: "ಏನೋ ನಾರಾಯಣಸ್ವಾಮಿ, ಮೀನು ಬಿಡ್ತೀನಿ ಅಂತ ಸೊಪ್ಪು ಬಿಟ್ಟಿದೀಯಲ್ಲಪ್ಪಾ! ಮೀನು ಸಿಗದಿದ್ರೆ ಮಸ್ಸೊಪ್ಪು ಮಾಡ್ಕೊಳ್ಳಿ ಅಂತಾನಾ?"

ಎಲ್ಲರೂ ನಕ್ಕರು. ನನ್ನ ತಮ್ಮ ತಲೆ ಕೆರೆದುಕೊಂಡು, "ಇರಬಹುದು ಅಜ್ಜೀ. ಚೀಲದ ನೀರಲ್ಲಿ ಏನೋ ಹಸಿರು ಇದ್ದಂಗಿತ್ತು" ಎಂದ.

ಅಂದಿನಿಂದ ಅದಕ್ಕೆ ನಮ್ಮೂರಲ್ಲಿ ನಾರಾಯಣಸ್ವಾಮಿ ಸೊಪ್ಪು ಎಂದೇ ಹೆಸರಾಯಿತು. ಚಿಕ್ಕ ಮಕ್ಕಳೂ ಹಾಗೇ ಹೇಳುತ್ತಿದ್ದವು. ಅಕ್ಕಪಕ್ಕದ ಊರಿಗೂ ಹೆಸರು ಹರಡಿತು.

ಆ ಕಟ್ಟೆಯ ಮೇಲೆಯೇ ನನಗೆ ಎಲ್ಲ ಗೊತ್ತಾಗಿತ್ತು. ದೂರದಲ್ಲಿ ಒಂದು ಹೂವು ಅರಳಿತ್ತು, ಹಳದಿ ಬೊಟ್ಟಿನದು. ಹಬ್ಬದ ದಿನ ಒಂದು ಗಳಿಗೆ ಅದನ್ನು ನೋಡಿ ಹೋದ ಹೆಂಗಸರಿಗೆ ಅದರ ನೆನಪೇ ಇದ್ದಂತಿರಲಿಲ್ಲ. ಇನ್ನೊಂದು ವಾರಕ್ಕೆ ಊರು ಮರೆಯುತ್ತದೆ, ಸುಮ್ಮನೆ ಯಾಕೆ ಎಂದು ಮೊದಲು ಅಂದುಕೊಂಡೆ. ಆಮೇಲೆ, ಈಗ ಹೇಳಿದರೆ ಮೊದಲೇ ಯಾಕೆ ಹೇಳಲಿಲ್ಲ ಎನ್ನುತ್ತಾರೆ ಎಂದುಕೊಂಡೆ. ಇವು ಮೇಲಿನ ಕಾರಣಗಳು. ಕೆಳಗೊಂದಿತ್ತು, ಅದನ್ನೂ ಬರೆದುಬಿಡುತ್ತೇನೆ. ಓದಿದವನು, ಬುದ್ಧಿವಂತ, ಮೆಂಬರು ಎಂದು ಊರೆಲ್ಲ ಹೊಗಳುತ್ತಿದ್ದ ತಮ್ಮ ಒಮ್ಮೆ ಎಡವಿದ ಎಂದು ಜನ ನಕ್ಕಾಗ, ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳ ಎದೆಯಲ್ಲಿ ಎಳ್ಳಿನಷ್ಟು ಸುಖವಾಯಿತು. ಎಳ್ಳಿನಷ್ಟೇ. ಆದರೆ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಎಳ್ಳು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ನಿಮಗೆ ಗೊತ್ತಲ್ಲ.

ಅದೇ ವರ್ಷ ಪಂಚಾಯಿತಿ ಚುನಾವಣೆ ಬಂತು. ಎದುರಿಗೆ ನಿಂತವನು ಬೇರೇನೂ ಭಾಷಣ ಮಾಡಲಿಲ್ಲ. ಆ ಗಿಡದ್ದೇ ಒಂದು ಹಾರ ಮಾಡಿ ಕೊರಳಿಗೆ ಹಾಕಿಕೊಂಡು ಬೀದಿ ಬೀದಿ ತಿರುಗಿದ. "ಕೆರೆ ಕೊಟ್ರೆ ಹಿಂಗ್ ಮಾಡಿದ, ಊರು ಕೊಟ್ರೆ ಏನ್ ಮಾಡ್ತಾನೋ!" ಎಂದ. ನನ್ನ ತಮ್ಮ ಬೆರಳೆಣಿಕೆಯ ಓಟಿನಲ್ಲಿ ಸೋತ.

ಸೋತ ದಿನ ನಮ್ಮ ಮನೆಗೆ ಊಟಕ್ಕೆ ಬಂದ. ಮುದ್ದೆ ಬಡಿಸಿದೆ. ಅವನು ಮುರಿದು ನುಂಗಿದ. "ಇನ್ನೊಂಚೂರು ಸಾರು ಹಾಕಕ್ಕಾ" ಎಂದ, ಅಷ್ಟೇ. ನನ್ನ ಸೌಟು ಓರೆಯಾಗಿ ಸಾರು ಅವನ ಮಣಿಕಟ್ಟಿನ ಮೇಲೆ ಚೆಲ್ಲಿತು. "ಬಿಸಿ ಇಲ್ಲ ಬಿಡಕ್ಕಾ" ಎಂದ. ಬಿಸಿ ಇತ್ತು.

ಅವನು ಹೋದ ಮೇಲೆ ನಮ್ಮ ಯಜಮಾನರು ನನ್ನನ್ನೇ ನೋಡಿದರು. "ಹೇಳಬೇಕಾದವಳು ನೀನು ಕಣೇ. ನಾನು ಹೇಳಿದ್ರೆ ಚಾಡಿ ಆಗ್ತದೆ" ಎಂದು ಎದ್ದು ಸೊಪ್ಪು ಕುಯ್ಯಲು ಹೋದರು. ನಾನು ಮುಸುರೆ ತಿಕ್ಕಿದೆ. ಆ ದಿನ ನಮ್ಮ ಪಾತ್ರೆಗಳು ಹೊಳೆದಷ್ಟು ಯಾವತ್ತೂ ಹೊಳೆದಿರಲಿಲ್ಲ.

ಇಲ್ಲಿಂದ ಮುಂದಿನದು ನನ್ನ ತಮ್ಮನ ಗೆಲುವಿನ ಕಥೆ. ಹೇಳಲು ನನಗೆ ಹೆಚ್ಚು ಇಷ್ಟವಾದ ಭಾಗವೂ ಇದೇ.

ಪಂಚಾಯಿತಿಯಲ್ಲಿ ಜೀವವೈವಿಧ್ಯ ಸಮಿತಿ ಎಂದು ಮಾಡಬೇಕಾಗಿ ಬಂತು. ಊರಿನ ಗಿಡ, ಮರ, ಪ್ರಾಣಿ, ಕೆರೆ, ಕುಂಟೆ ನೋಡಿಕೊಳ್ಳುವ ಸಮಿತಿ. ಸಂಬಳವಿಲ್ಲ, ಜೀಪಿಲ್ಲ, ಯಾರಿಗೂ ಬೇಡ. "ಬಿಟ್ಟವನೇ ತೆಗೀಲಿ" ಎಂದು ಯಾರೋ ಹಿಂದಿನಿಂದ ಕೂಗಿದರು, ಎಲ್ಲರೂ ಚಪ್ಪಾಳೆ ಹೊಡೆದರು. ಗೇಲಿಗೆ ಹೊಡೆದ ಚಪ್ಪಾಳೆಯನ್ನು ನಾರಾಯಣಸ್ವಾಮಿ ನಿಜವೆಂದೇ ತೆಗೆದುಕೊಂಡ. "ಆಯ್ತು, ನಾನೇ ತೆಗೀತೀನಿ. ಆದ್ರೆ ನೀವೂ ಬರಬೇಕು" ಎಂದ.

ಮೊದಲ ಸಲ ಊರಿಗೆ ಊರೇ ಕೆರೆಗಿಳಿಯಿತು. ಕುಡುಗೋಲಿನಿಂದ ಕೊಚ್ಚಿ ಕೊಚ್ಚಿ ಕಟ್ಟೆಯ ಒಳಬದಿಗೆ ರಾಶಿ ಹಾಕಿದೆವು. ಫೋಟೋ ತೆಗೆಸಿಕೊಂಡೆವು. ಪಾಯಸ ಮಾಡಿದೆವು. ಹತ್ತನೇ ದಿನ ಜೋರು ಮಳೆ ಬಂದು ಆ ರಾಶಿಯನ್ನೆಲ್ಲ ಕೆರೆಗೇ ಇಳಿಸಿತು. ಕೊಚ್ಚಿದ ತುಂಡುಗಳಲ್ಲಿ ಬೇರುಳ್ಳದ್ದೆಲ್ಲ ಚಿಗುರಿ, ಒಂದಿದ್ದದ್ದು ನಾಲ್ಕಾಯಿತು.

"ತವರಿಗೆ ಹೋಗಿದ್ದ ಸೊಸೆ ಮಕ್ಕಳು ಮರಿ ಸಮೇತ ಬಂದಂಗೆ ಬಂತು ನೋಡ್ರೋ" ಎಂದಳು ಮುನಿಯಮ್ಮಜ್ಜಿ.

ಆಮೇಲೆ ಸರ್ಕಾರದ ಜೀವವೈವಿಧ್ಯ ಮಂಡಳಿಯಿಂದ ಶಾಹೀನಾ ಎಂಬ ಹುಡುಗಿ ಬಂದಳು. ಇಂಥ ಸಮಿತಿಗಳಿಗೆ ದಾರಿ ತೋರಿಸುವುದು ಅವಳ ಕೆಲಸ. ಶಿಡ್ಲಘಟ್ಟದವಳೇ, ಅವಳ ತಂದೆ ಗೂಡಿನಿಂದ ನೂಲು ತೆಗೆಯುವವರು. ಮನೆಯಲ್ಲಿ ಉರ್ದು, ನಮ್ಮ ಜೊತೆ ಅಚ್ಚ ನಮ್ಮೂರ ಕನ್ನಡ. ಪ್ಯಾಂಟನ್ನು ಮೊಣಕಾಲಿಗೆ ಮಡಿಚಿ ಕೆಸರಿಗಿಳಿದು, ಒಂದು ಗಿಡವನ್ನು ಬೇರು ಸಮೇತ ಎತ್ತಿ ಹಿಡಿದಳು. "ಕೊಚ್ಚಬೇಡಿ ಅಮ್ಮಾ, ಹಿಂಗೆ ಪೂರ್ತಿ ಕೀಳಬೇಕು. ಇದರ ಹೆಸರು ಅಂತರಗಂಗೆ ಅಂತಾರೆ. ನಮ್ಮ ದೇಶದ್ದಲ್ಲ ಇದು, ಯಾರೋ ಹೂವು ಚೆಂದ ಅಂತ ತಂದಿದ್ದು" ಎಂದಳು.

ನನಗೆ ಕೆಸರಿನಲ್ಲಿ ಕಾಲು ಜಾರಿತು.

ಕಿತ್ತದ್ದನ್ನು ಕಟ್ಟೆಯ ಹೊರಬದಿಗೆ ಸಾಗಿಸಿ ಗುಂಡಿಯಲ್ಲಿ ಕೊಳೆಸಬೇಕು, ಬೀಜ ಕೆಸರಲ್ಲಿ ವರ್ಷಗಟ್ಟಲೆ ನಿದ್ದೆ ಮಾಡುತ್ತದೆ, ಒಂದು ದಿನದ ಉತ್ಸಾಹಕ್ಕೆ ಬಗ್ಗುವುದಲ್ಲ, ದಿನವೂ ಯಾರಾದರೂ ಇರಬೇಕು ಎಂದು ಅವಳು ಹೇಳಿದಳು. ದಿನವೂ ಎಂದರೆ ಹುಳ ಸಾಕುವವರಿಗೆ ಆಗುವ ಮಾತೇ? ಹುಳ ದೊಡ್ಡದಾದರೆ ನಮಗೆ ಸ್ನಾನಕ್ಕೂ ಪುರುಸೊತ್ತಿರುವುದಿಲ್ಲ. ಎಲ್ಲರೂ ಎದ್ದು ಹೊರಟರು.

ಆಗ ನನ್ನ ತಮ್ಮನಿಗೆ ಹೊಳೆದದ್ದನ್ನು ಇವತ್ತಿಗೂ ನೆನೆದರೆ ನನಗೆ ಹೆಮ್ಮೆ. ಹುಳ ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಜ್ವರಕ್ಕೆ ಕೂತ ಹುಳ ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ, ಒಂದು ದಿನ ಸೊಪ್ಪು ಮುಟ್ಟುವುದಿಲ್ಲ. ಆ ದಿನ ಮನೆಯವರ ಕೈ ಖಾಲಿ.

"ನಿಮ್ಮ ಹುಳ ಜ್ವರಕ್ಕೆ ಕೂತ ದಿನ ನೀವು ಕೆರೆಗೆ ಬನ್ನಿ, ಅಷ್ಟೇ" ಎಂದ ನಾರಾಯಣಸ್ವಾಮಿ. "ಒಬ್ಬೊಬ್ಬರ ಮನೇಲಿ ಒಂದೊಂದು ದಿನ ಜ್ವರ. ದಿನಾ ಯಾರಾದ್ರೂ ಇದ್ದೇ ಇರ್ತಾರೆ. ಹುಳ ಇಲ್ಲದೋರು ಸೋಮವಾರ ಬರ್ಲಿ, ಹೆಂಗೂ ಅವತ್ತು ಎತ್ತಿಗೆ ರಜ."

"ಒಳ್ಳೆ ಡಾಕ್ಟ್ರು ಕಣಪ್ಪಾ, ಹುಳಕ್ಕೆ ಜ್ವರ ಬಂದ್ರೆ ನಮಗೆ ನೀರು ಚಿಕಿತ್ಸೆ!" ಎಂದಳು ಮುನಿಯಮ್ಮಜ್ಜಿ. ಆದರೆ ಮರುದಿನ ಮೊದಲು ಬಂದವಳು ಅವಳೇ. ಅವಳಿಗೆ ಹುಳವೂ ಇಲ್ಲ, ಎತ್ತೂ ಇಲ್ಲ. ಕಲ್ಲು ಬೇಕಿತ್ತು.

ಪಂಚಾಯಿತಿ ಗೋಡೆಯ ಕರಿಹಲಗೆಯ ಮೇಲೆ ಯಾರ ಮನೆಯ ಹುಳ ಎಷ್ಟನೇ ಜ್ವರ ಎಂದು ಸೀಮೆಸುಣ್ಣದಲ್ಲಿ ಬರೆಯತೊಡಗಿದ. ಚಿಕ್ಕಬಳ್ಳಾಪುರದ ಕಡೆಯ ನೆಂಟರಿಂದ ದ್ರಾಕ್ಷಿ ತೋಟಕ್ಕೆ ಹೊದಿಸುವ ಹಳೆಯ ಹಕ್ಕಿಬಲೆಗಳನ್ನು ತರಿಸಿದ. ಲಾರಿ ಟ್ಯೂಬುಗಳ ಮೇಲೆ ಇಬ್ಬರು ಹೋಗಿ ಬಲೆಯನ್ನು ಗಿಡದ ಸುತ್ತ ಸುತ್ತಿ ಬಂದರೆ, ದಡದಲ್ಲಿ ನಿಂತವರು ಐಸಾ ಎಂದು ಎಳೆಯುವುದು. ಮೊದಮೊದಲು ಬಲೆ ಹರಿದು ನಾವೆಲ್ಲ ಹಿಂದಕ್ಕೆ ಕುಂಡೆ ಊರಿ ಕೂತೆವು. ಹೋಗ್ತಾ ಹೋಗ್ತಾ ಒಂದು ಎಳೆತಕ್ಕೆ ಒಂದು ಗಾಡಿ ಸೊಪ್ಪು ಬರತೊಡಗಿತು. ಮನೆಗೆ ಹೋಗಿ ಸ್ನಾನ ಮಾಡದೆ ಹುಳುಮನೆಗೆ ಕಾಲಿಡುವ ಹಾಗಿಲ್ಲ ಎಂಬ ಕಟ್ಟುನಿಟ್ಟು ಬೇರೆ. ನಮ್ಮೂರ ಗಂಡಸರು ಅಷ್ಟು ಸ್ನಾನ ಮಾಡಿದ್ದು ಆ ಎರಡು ವರ್ಷದಲ್ಲೇ ಇರಬೇಕು.

ಎಲ್ಲರಿಗಿಂತ ಹೆಚ್ಚು ಕಿತ್ತವಳು ನಾನು. ಜ್ವರ ಇರಲಿ ಬಿಡಲಿ ಹೋಗುತ್ತಿದ್ದೆ. ತಪ್ಪು ಮಾಡಿದವರ ಕೈಗೆ ಬಲ ಜಾಸ್ತಿ. "ರತ್ನಕ್ಕನ ನೋಡಿ ಕಲೀರೋ" ಎಂದು ಜನ ಹುಡುಗರಿಗೆ ಹೇಳುತ್ತಿದ್ದರು. "ತಮ್ಮನ ಮರ್ಯಾದೆ ಉಳಿಸೋಕೆ ಹೆಂಗೆ ದುಡೀತಾಳೆ!" ಆ ಮಾತು ಕೇಳಿದಾಗ ನಾನು ಇನ್ನಷ್ಟು ಬಗ್ಗಿ ಇನ್ನಷ್ಟು ಕೀಳುತ್ತಿದ್ದೆ. ಮುಖ ಕಾಣಬಾರದಲ್ಲ.

ಹೋದ ಕಾರ್ತೀಕದಲ್ಲಿ ಕೊನೆಯ ರಾಶಿ ಮೇಲೆ ಬಂತು. ಯಾರೋ ಸುದ್ದಿ ಮುಟ್ಟಿಸಿ ಊರೆಲ್ಲ ಓಡಿ ಬಂದಿತ್ತು. ಬಲೆ ದಡಕ್ಕೆ ಬಂದ ಮೇಲೆ ಎಲ್ಲರೂ ಕೆರೆಯ ಕಡೆ ತಿರುಗಿದರು. ಈ ದಡದಿಂದ ಆ ದಡದವರೆಗೆ ಬರೀ ನೀರು. ಮೋಡ ಅದರಲ್ಲಿ ನಿಧಾನವಾಗಿ ಹೋಗುತ್ತಿತ್ತು. ಆಮೇಲೆ ಯಾರೋ ತಮಟೆ ಹೊಡೆದರು ನೋಡಿ! ಗಂಡಸರು ಬಟ್ಟೆ ಸಮೇತ ನೀರಿಗೆ ಹಾರಿದರು. ದನಗಳು ಯಾರೂ ಅಟ್ಟದೆ ತಾವೇ ಇಳಿದು ಕೊರಳವರೆಗೆ ನಿಂತು ಕುಡಿದವು. ಮುನಿಯಮ್ಮಜ್ಜಿ ಕಾಲಲ್ಲಿ ತಡವಿ ತಡವಿ ತನ್ನ ಕಲ್ಲನ್ನು ಹುಡುಕಿ, ಅದರ ಮೇಲೆ ಹತ್ತಿ ಕೂತು, "ಯಾರದಾದ್ರೂ ಬಟ್ಟೆ ಕೊಡ್ರೋ, ಬಿಟ್ಟಿ ಒಗೀತೀನಿ ಇವತ್ತು!" ಎಂದು ಕೂಗಿದಳು. ನನ್ನ ತಮ್ಮನನ್ನು ಹೆಗಲ ಮೇಲೆ ಹೊತ್ತರು. ಹೊತ್ತವರಲ್ಲಿ ಮುಂದಿದ್ದವನು ಚುನಾವಣೆಯಲ್ಲಿ ಗಿಡದ ಹಾರ ಹಾಕಿಕೊಂಡು ತಿರುಗಿದವನೇ. ಆಮೇಲೆ ಮಂಚೇನಹಳ್ಳಿ ಕಡೆಯಿಂದ, ಕೈವಾರದ ಕಡೆಯಿಂದ ಬೇರೆ ಬೇರೆ ಊರಿನ ಸಮಿತಿಗಳವರು ಬಂದು, ಜ್ವರದ ಹಲಗೆಯ ಫೋಟೋ ಹೊಡೆದುಕೊಂಡು ಹೋದರು. ಈಗಲೂ ಒಂದೊಂದು ಮನೆಗೆ ಒಂದೊಂದು ತುಂಡು ದಡ ಹಂಚಿದೆ. ಒಂದು ಎಲೆ ಕಂಡರೂ ಕಿತ್ತು ಒಣಗಿಸುತ್ತಾರೆ.

ಹೀಗೆ ಕೆರೆ ಗೆದ್ದಿತು, ಊರು ಗೆದ್ದಿತು. ಗಿಡದ ಹೆಸರು ಮಾತ್ರ ನಾರಾಯಣಸ್ವಾಮಿ ಸೊಪ್ಪು ಎಂದೇ ಉಳಿಯಿತು.

ಅದಾದ ತಿಂಗಳಿಗೆ ಪಂಚಾಯಿತಿ ಹಾಲಿನಲ್ಲಿ ಸಭೆ. ಎರಡು ಕೆಲಸ. ಒಂದು, ಹೆಚ್ಚು ದುಡಿದವರಿಗೆ ಸನ್ಮಾನ. ಇನ್ನೊಂದು, ಊರಿನ ದಾಖಲೆ ಪುಸ್ತಕ ಬರೆಯುವುದು. ಊರಿನಲ್ಲಿ ಯಾವ ಗಿಡ ಇದೆ, ಯಾವ ಹಕ್ಕಿ ಬರುತ್ತದೆ, ಯಾವುದು ಹೇಗೆ ಬಂತು, ಯಾವುದು ಹೇಗೆ ಹೋಯಿತು ಎಂದು ಊರಿನವರ ಬಾಯಿಂದಲೇ ಕೇಳಿ ಸಮಿತಿ ಬರೆದಿಡುವ ಪುಸ್ತಕ ಅದು. ಮೊದಲು ಸನ್ಮಾನ ಮುಗಿಸಿದರು. ನನಗೆ ಶಾಲು ಹೊದಿಸಿ, ಹಾರ ಹಾಕಿ, ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಆ ಶಾಲು ಅಷ್ಟು ಬಿಸಿ ಎಂದು ಅದನ್ನು ಹೊದಿಸಿಕೊಂಡ ಯಾರೂ ನನಗೆ ಹೇಳಿರಲಿಲ್ಲ.

ಶಾಹೀನಾ ಪುಸ್ತಕ ತೆರೆದಳು. ಹೊಂಗೆ ಆಯಿತು, ಬೇವು ಆಯಿತು, ಕೊಕ್ಕರೆ ಆಯಿತು. ಆಮೇಲೆ ಓದಿದಳು: "ಅಂತರಗಂಗೆ. ಊರಿಗೆ ಯಾರಿಂದ, ಹೇಗೆ ಬಂತು?"

"ಬರ್ಕೊಳಮ್ಮಾ" ಎಂದ ನಾರಾಯಣಸ್ವಾಮಿ. "ನಾರಾಯಣಸ್ವಾಮಿ ತರಿಸಿದ ಮೀನುಮರಿ ಚೀಲದ ಜೊತೆ ಬಂತು."

"ಗ್ಯಾರಂಟಿನಾ ಅಣ್ಣಾ? ಇದು ನಾಳೆ ನಿಮ್ಮ ಮೊಮ್ಮಕ್ಕಳು ಓದೋ ಪುಸ್ತಕ."

ಅವನು ನಕ್ಕ. "ಇರಬಹುದು ಅಂತ ಬರೆಯೋಕೆ ಬರಲ್ಲವಲ್ಲ. ಬಂತು ಅಂತ್ಲೇ ಬರಿ. ಊರಿಗೆಲ್ಲ ಗೊತ್ತಿರೋದೇ."

ಅವಳು ಪೆನ್ನಿನ ಮುಚ್ಚಳ ತೆಗೆದಳು. ಹುಳುಮನೆಯ ತಟ್ಟೆಗಳಲ್ಲಿ ಅಷ್ಟು ವರ್ಷ ಪೇಪರು ಓದಿದವಳು ನಾನು. ಅಚ್ಚಾದದ್ದು ಸುಳ್ಳಾದರೂ ಹೇಗೆ ನಿಜವಾಗಿ ನಿಲ್ಲುತ್ತದೆ ಎಂದು ನನಗೆ ಗೊತ್ತು. ಬಾಯಿಮಾತಾದರೆ ಸತ್ತೀತು. ಇದು ಶಾಯಿ. ಪೆನ್ನು ಹಾಳೆಗೆ ತಗಲುವ ಮೊದಲು ನಾನು ಎದ್ದು ನಿಂತಿದ್ದೆ. ಹಿಂದಿನ ಸಾಲಿನಲ್ಲಿದ್ದ ನಮ್ಮ ಯಜಮಾನರು ಕೆಮ್ಮಿದರು. ಅದು ಕೂರು ಎನ್ನುವ ಕೆಮ್ಮಲ್ಲ ಎಂದು ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ತಿಳಿಯುತ್ತದೆ.

"ಬರೀಬೇಡಮ್ಮಾ" ಎಂದೆ. ದನಿ ಬೀದಿಯವರೆಗೆ ಕೇಳಿತಂತೆ. "ಅದು ಮೀನಿನ ಜೊತೆ ಬಂದಿಲ್ಲ. ಚಿಂತಾಮಣಿಯಿಂದ ಬಸ್ಸಲ್ಲಿ, ನನ್ನ ಮಡಿಲಲ್ಲಿ ಬಂತು. ಗೌರಿ ಮುಂದೆ ಇಟ್ಟಿದ್ದೆ. ತಿಪ್ಪೆಗೆ ಹಾಕಬಾರ್ದು ಅಂತ ನಾನೇ ಕೆರೆಗೆ ಬಿಟ್ಟೆ. ಹಬ್ಬಕ್ಕೆ ಬಂದೋರೆಲ್ಲ ಆ ಹೂವ ನೋಡಿದೀರಾ. ನೆನಪು ಮಾಡ್ಕೊಳಿ."

ಹೆಂಗಸರ ಸಾಲಿನಲ್ಲಿ ಗುಸುಗುಸು ಎದ್ದು ನಿಂತುಹೋಯಿತು. ಅವರಿಗೆ ನೆನಪಾಗಿತ್ತು. "ಅಯ್ಯೋ, ನನ್ನ ನಾಲಿಗೆಗೆ ಬರೆ ಹಾಕ" ಎಂದು ಮುನಿಯಮ್ಮಜ್ಜಿ ಬಾಯಿ ಮುಚ್ಚಿಕೊಂಡಳು.

ನಾರಾಯಣಸ್ವಾಮಿ ನನ್ನನ್ನೇ ನೋಡುತ್ತಿದ್ದ. "ಯಾವಾಗಿಂದ ಗೊತ್ತಿತ್ತಕ್ಕಾ ನಿಂಗೆ?"

"ಮೊದಲನೇ ಹೂವು ನೋಡಿದಾಗಿಂದ."

"ಓಟಿನ ಟೈಮಲ್ಲೂ?"

"ಹೂಂ."

ಅವನು ಇರಬಹುದು ಎನ್ನಲಿಲ್ಲ. ಬಿಡಕ್ಕಾ ಎನ್ನಲಿಲ್ಲ. ಜೀವನದಲ್ಲಿ ಮೊದಲ ಸಲ ನನ್ನ ತಪ್ಪನ್ನು ಅವನು ತನ್ನ ಮೇಲೆ ಎಳೆದುಕೊಳ್ಳದೆ, ಅದು ಯಾರದೋ ಅವರ ಕೈಯಲ್ಲೇ ಬಿಟ್ಟ. ಕಣ್ಣು ತುಂಬಿತ್ತು, ಭುಜ ಮಾತ್ರ ಏನೋ ಇಳಿಸಿದವನ ಹಾಗೆ ಹಗುರವಾಗಿತ್ತು. ಶಾಹೀನಾ ನನ್ನ ಕಡೆ ತಿರುಗಿ ಮೆಲ್ಲಗೆ, "ಹೆಸರು ಹೇಳಿ ಅಮ್ಮಾ" ಎಂದಳು. ಹೇಳಿದೆ. ಅವಳು ಬರೆದಳು. ಬರೆದದ್ದನ್ನು ಜೋರಾಗಿ ಓದು ಎಂದೆ, ಓದಿದಳು. ಇಡೀ ಹಾಲು ಕೇಳಿತು.

ನಮ್ಮ ಕಡೆ ಅಕ್ಕ ತಮ್ಮನಿಗೆ ಕೈ ಮುಗಿಯುವುದಿಲ್ಲ. ಹಿರಿಯರು ಕಿರಿಯರಿಗೆ ಮುಗಿದರೆ ಅವರ ಆಯಸ್ಸು ಕಡಿಮೆಯಾಗುತ್ತದೆ ಎನ್ನುತ್ತಾರೆ. ಅದಕ್ಕೆ ಕೈ ಮುಗಿಯದೆ, ಹೋಗಿ ಅವನ ಎರಡೂ ಕೈಗಳನ್ನು ಹಿಡಿದುಕೊಂಡೆ. ಊರೆಲ್ಲ ಕೇಳುವಂತೆ ಹೇಳಿದೆ:

"ತಪ್ಪಾಯ್ತು ಕಣಪ್ಪಾ ಸ್ವಾಮೀ. ಸೊಪ್ಪು ಬಿಟ್ಟಿದ್ದು ಗೊತ್ತಿಲ್ದೆ ಮಾಡಿದ್ದು. ಬಾಯಿ ಮುಚ್ಕೊಂಡಿದ್ದು ಗೊತ್ತಿದ್ದೇ ಮಾಡಿದ್ದು. ಅದಕ್ಕೆ ಕೇಳ್ತಾ ಇದೀನಿ, ನನ್ನ ಕ್ಷಮಿಸು."